ಸೊದೆಯ ಹಣವೂ ಬುಸುವಿಸೆಟ್ಟಿಯೂ

ಹಾಸನದಿಂದಲೋ ಹೊಳೆನರಸೀಪುರ, ಅರಕಲಗೂಡುಗಳ ಕಡೆಯಿಂದಲೋ ಚನ್ನರಾಯಪಟ್ಟಣದ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕನು ಬಸ್ಸಿಳಿದೊಡನೆ ಕತ್ತೆತ್ತಿ ಬೆಟ್ಟವನ್ನು ನೋಡುವನಲ್ಲದೆ, ಊರೊಳಗಿನ ಭಂಡಾರಿ ಬಸದಿಯತ್ತ ಮುಖ ತಿರುಗಿಸುವುದು ಅಪರೂಪ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಇಪ್ಪತ್ತನಾಲ್ವರು ತೀರ್ಥಂಕರರಿಗಾಗಿ ಅದನ್ನು ಕಟ್ಟಿಸಿದ ವೃತ್ತಾಂತವೂ, ಅರಸನು ಅದಕ್ಕೆ ಭವ್ಯಚೂಡಾಮಣಿಯೆಂದು ಹೆಸರಿಟ್ಟು ಸವಣೇರು ಗ್ರಾಮವನ್ನು ಬಿಟ್ಟುಕೊಟ್ಟದ್ದೂ ಗ್ರಂಥಗಳಲ್ಲಿ ಸಾಕಷ್ಟು ಬಂದಿವೆ. ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸುವುದು ಅದಕ್ಕಿಂತ ಎರಡು ಶತಮಾನ ಕಿರಿಯದಾದ ಒಂದು ಶಾಸನ.

1368ರಲ್ಲಿ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಬಲಿತು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದವರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಪೂರ್ವದಂತೆಯೇ ಸಲ್ಲತಕ್ಕವೆಂದೂ ವಿಧಿಸಿದನು. ಪಠ್ಯಪುಸ್ತಕಗಳು ಕಥೆಯನ್ನು ಇಲ್ಲಿಗೆ ಮುಗಿಸಿ ರಾಯನ ಔದಾರ್ಯವನ್ನು ಕೊಂಡಾಡುತ್ತವೆ. ಆದರೆ ಕಲ್ಲು ಇಲ್ಲಿಗೆ ಮುಗಿಯುವುದಿಲ್ಲ. ಅದರ ರುಚಿಯಿರುವುದು ಲೆಕ್ಕಾಚಾರದಲ್ಲಿ.

ರಾಜ್ಯದ ಜೈನರ ಮನೆಮನೆಗಳಿಂದ, ಬಾಗಿಲ ಲೆಕ್ಕದಲ್ಲಿ, ವರ್ಷಕ್ಕೊಂದು ಹಣ ಎತ್ತತಕ್ಕದ್ದು. ಎತ್ತುವವರು ತಿರುಮಲೆಯ ತಾತಯ್ಯನವರು! ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಟ್ಟು, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆ, ಎಂದರೆ ಸುಣ್ಣದ ಗಾರೆ, ಬಳಿಸತಕ್ಕದ್ದು. ನಿನ್ನೆಯ ಪ್ರತಿಕಕ್ಷಿಯ ಕೈಗೇ ಸ್ವಂತ ಗುಡಿಗಳ ಸುಣ್ಣದ ಚೀಲವನ್ನು ಒಪ್ಪಿಸಿದ ಈ ಏರ್ಪಾಡಿನ ಜಾಣ್ಮೆಯನ್ನು ನಮ್ಮ ಇತಿಹಾಸಕಾರರು ಸಾಕಷ್ಟು ಮೆಚ್ಚಿದಂತೆ ನನಗೆ ತೋರುವುದಿಲ್ಲ. ಮಳೆನೀರು ಮೊದಲು ಹೊಗುವುದು ಮಾಳಿಗೆಯ ಬಿರುಕಿಗೆ ಎಂಬುದನ್ನು ಬಲ್ಲವರು ಬರೆಸಿದ ಮಾತದು.

ಶಾಸನದ ತುದಿಯಲ್ಲಿ, ಆಮೇಲೆ ಕೂಡಿಸಿದಂತೆ ಕಾಣುವ ಕೆಲವು ಪಂಕ್ತಿಗಳಲ್ಲಿ, ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬರುತ್ತಾನೆ. ರಾಯನಿಗೆ ಬಿನ್ನವಿಸಿಕೊಂಡವನೂ, ತಾತಯ್ಯನವರನ್ನು ಬಿಜಯಂಗೈಸಿ ಕರೆತಂದವನೂ, ಜೀರ್ಣೋದ್ಧಾರ ಮಾಡಿಸಿದವನೂ ಈತನೇ. ಅದಕ್ಕಾಗಿ ಉಭಯ ಸಮಯಗಳೂ, ಎಂದರೆ ಎರಡೂ ಮತದವರು, ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದವು. ಒಂದೇ ಸಮಯವು ಕಟ್ಟಿದ್ದರೆ ಅದು ಬರಿಯ ಬಿರುದಾಗುತ್ತಿತ್ತು. ಎರಡೂ ಕೂಡಿ ಕಟ್ಟಿದ್ದರಿಂದ ನಾನು ಆ ಸೆಟ್ಟಿಯನ್ನು ರಾಯನಿಗಿಂತ ಒಂದು ಕೈ ಮೇಲೆಂದೇ ಎಣಿಸುತ್ತೇನೆ.

ಅವನ ಕಲ್ಲೆಹವೇ ಈಗಿನ ಮಾಗಡಿ ತಾಲ್ಲೂಕಿನ ಕಲ್ಯ. ಈ ಒಡಂಬಡಿಕೆಯ ಇನ್ನೊಂದು ಪ್ರತಿ ಅಲ್ಲಿಯೂ ಉಂಟು. ಬೆಳಗೊಳದ ಶಾಸನಗಳನ್ನು 1889ರಲ್ಲಿ ರೈಸ್ ಸಾಹೇಬರು ಅಚ್ಚು ಮಾಡಿಸಿದಾಗ ಅವು 144, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. ಇಷ್ಟೆಲ್ಲ ಶ್ರಮದಿಂದ ಓದಿಟ್ಟಿದ್ದರೂ, ಮೊದಲು ಮಾಳಿಗೆಯ ಬಿರುಕನ್ನು ಮುಚ್ಚಬೇಕೆಂಬ ಆ ಸೊದೆಯ ಪಾಠ ನಮ್ಮ ತಲೆಗೆ ಹತ್ತಿಲ್ಲ. ನಮ್ಮ ಸೀಮೆಯದೇ ಒಂದು ಹಳ್ಳಿಯ ಗುಡಿಯಲ್ಲಿ, ಮಾಡು ಸೋರುತ್ತಿರಲು, ಜೀರ್ಣೋದ್ಧಾರವೆಂದು ಹೇಳಿ ಬಳಪದ ಕಲ್ಲಿನ ಕಂಬಕ್ಕೆ ಹಸುರು ಎಣ್ಣೆಬಣ್ಣ ಬಳಿದು, ಅದರ ಮೇಲೆ ದಾನಿಗಳ ಹೆಸರನ್ನು ಹಳದಿಯಲ್ಲಿ ಬರೆಸಿದ್ದುದನ್ನು ಕಂಡು ನಾನು ಮಾತಿಲ್ಲದೆ ಹಿಂದಿರುಗಿದ್ದೇನೆ.

ಬೆಳಗೊಳಕ್ಕೆ ಹೋಗುವ ವಾಚಕರು ಬೆಟ್ಟವನ್ನು ಹತ್ತುವ ಮೊದಲು ಹುಳ್ಳನ ಬಸದಿಯನ್ನೊಮ್ಮೆ ಹೊಕ್ಕು ಆ ಕಲ್ಲನ್ನು ನೋಡಬೇಕು. ಸೆಟ್ಟಿಯ ಹೆಸರಿರುವುದು ತೀರ ಕೊನೆಯಲ್ಲಿ. ದಯವಿಟ್ಟು ಅಲ್ಲಿಯವರೆಗೂ ಓದಿ.