ಟೈಲ್ಸ್ ಹಾಕಿಸೋ ಮುನ್ನ ಅಂಟು ನೋಡಿ

ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಮನೆ ಕಟ್ಟಿಸ್ತಿದ್ದೀರಾ? ಟೈಲ್ಸ್ ಬಣ್ಣ ಆರಿಸೋ ಮೊದಲು ಇದನ್ನು ಕೇಳಿ.

ವಿಟ್ರಿಫೈಡ್ ಟೈಲ್ಸ್ ನೀರು ಹೀರೋದೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಬರೀ ಸಿಮೆಂಟ್ ಅದನ್ನು ಗಟ್ಟಿಯಾಗಿ ಹಿಡಿಯಲ್ಲ. ಟೈಲ್ಸ್ ಅಂಟೇ ಬೇಕು. ಚೀಲದ ಮೇಲೆ ಟೈಲ್ಸ್ ಅಂಟಿನ ಮಾನದಂಡ ಐಎಸ್ 15477 ಅಂತ ಇದೆಯಾ, ನೋಡಿ.

ವಿಜಯವಾಡದ ಬೇಸಿಗೆಯಲ್ಲಿ ಹಚ್ಚಿದ ಅಂಟು ಬೇಗ ಒಣಗುತ್ತೆ. ಸ್ವಲ್ಪ ಸ್ವಲ್ಪವೇ ಕಲಸಿ. ಬೆರಳಿಟ್ಟಾಗ ಅಂಟು ಹತ್ತಲಿಲ್ಲವೇ? ಕೆರೆದು ಹೊಸದಾಗಿ ಹಚ್ಚಿ.

ವಿಶಾಖಪಟ್ಟಣದಲ್ಲಿ ಕಡಲ ತೇವ. ಬಾತ್‌ರೂಮಿಗೆ ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಸಂದುಗಳಿಗೆ ಎಪಾಕ್ಸಿ ಗ್ರೌಟ್. ಕಲೆ, ಬೂಷ್ಟು ಸುಲಭಕ್ಕೆ ಹಿಡಿಯಲ್ಲ.

ಇನ್ನು ಸಾಮಾನು: ಹಲ್ಲಿನ ಕರಣೆ, ಸ್ಪೇಸರ್, ರಸಮಟ್ಟ, ರಬ್ಬರ್ ಸುತ್ತಿಗೆ, ಕಟರ್. ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆದು ಟೈಲ್ಸ್ ಒತ್ತಿದರೆ ಗಾಳಿ ಹೊರಗೆ ಹೋಗುತ್ತೆ. ಐದು ಕಡೆ ಅಂಟಿನ ಉಂಡೆ ಇಟ್ಟು ಕೂರಿಸಿದರೆ ಒಳಗೆ ಟೊಳ್ಳು ಉಳಿಯುತ್ತೆ. ಭಾರ ಬಿದ್ದಾಗ ಅಲ್ಲೇ ಬಿರುಕು.

ಎಲ್ಲ ಪೆಟ್ಟಿಗೆಗಳ ಬ್ಯಾಚ್ ನಂಬರ್ ಒಂದೇ ಇರಲಿ. ನೂರಕ್ಕೆ ಹತ್ತು ಹೆಚ್ಚಿಗೆ ತನ್ನಿ.

ಮೇಸ್ತ್ರಿಗೆ ಕೊನೆಯ ಕಂತು ಕೊಡೋ ಮುನ್ನ ಒಂದೊಂದು ಟೈಲ್ಸನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಹಾಕಿಸಿ.