ಶುಗರ್, ಸೂಪರ್‌ಆಕ್ಸೈಡ್ ಮತ್ತು ವಿಟಮಿನ್ ಮಾತ್ರೆ

ಮನೆಯಲ್ಲಿ ಯಾರಿಗಾದ್ರೂ ಶುಗರ್ ಇದ್ರೆ ಲ್ಯಾಬ್ ರಿಪೋರ್ಟ್ ಓದಿ ಹೇಳೋ ಕೆಲಸ ಸಾಮಾನ್ಯವಾಗಿ ಇಂಜಿನಿಯರಿಂಗ್ ಓದೋ ಮಗನಿಗೋ ಮಗಳಿಗೋ ಬೀಳುತ್ತೆ. ಜೊತೆಗೊಂದು ಪ್ರಶ್ನೆ: "ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಒಳ್ಳೇದಂತೆ, ಹೌದಾ?" ಉತ್ತರ ಹೇಳೋಕೆ ಜೀವಕೋಶದೊಳಗೆ ಸ್ವಲ್ಪ ಇಣುಕಬೇಕು.

ರಕ್ತದಲ್ಲಿ ಸಕ್ಕರೆ ಏರಿದಾಗ ಬಹುತೇಕ ಜೀವಕೋಶಗಳು ಒಳಗೆ ಬಿಟ್ಟುಕೊಳ್ಳುವ ಗ್ಲೂಕೋಸನ್ನು ಹಿಡಿತದಲ್ಲಿಟ್ಟುಕೊಳ್ಳುತ್ತವೆ. ರೆಟಿನಾದ ಸಣ್ಣ ರಕ್ತನಾಳಗಳ ಒಳಪದರ, ಕಿಡ್ನಿಯ ಕೆಲವು ಕೋಶಗಳು, ನರಕೋಶಗಳು ಇವಕ್ಕೆ ಆ ಹಿಡಿತ ಕಡಿಮೆ. ಹೊರಗೆ ಸಕ್ಕರೆ ಏರಿದರೆ ಒಳಗೂ ಏರುತ್ತೆ. ಡಯಾಬಿಟಿಸ್ ಕಣ್ಣು, ಕಿಡ್ನಿ, ಪಾದದ ನರಗಳನ್ನೇ ಹುಡುಕಿಕೊಂಡು ಹೋಗೋದಕ್ಕೆ ಇದೊಂದು ದೊಡ್ಡ ಕಾರಣ.

ಗ್ಲೂಕೋಸಿನಿಂದ ಬಂದ ಎಲೆಕ್ಟ್ರಾನ್‌ಗಳು ಮೈಟೋಕಾಂಡ್ರಿಯಾದಲ್ಲಿ ಕೈಯಿಂದ ಕೈಗೆ ದಾಟುತ್ತಾ, ದಾರಿಯಲ್ಲಿ ಪ್ರೋಟಾನ್‌ಗಳನ್ನು ಪೊರೆಯಾಚೆ ಪಂಪ್ ಮಾಡಿಸುತ್ತಾ, ಕೊನೆಗೆ ಆಕ್ಸಿಜನ್ ಸೇರಿ ನೀರಾಗಬೇಕು. ಹಾಸ್ಟೆಲ್ಲಿನ ಓವರ್‌ಹೆಡ್ ಟ್ಯಾಂಕ್ ತುಂಬಿದ ಮೇಲೂ ಮೋಟಾರ್ ಓಡ್ತಾನೇ ಇದ್ರೆ? ಎಲ್ಲೋ ಒಂದು ಕಡೆ ಸೋರಲೇಬೇಕು. ಇಲ್ಲೂ ಅಷ್ಟೇ. ಪೊರೆಯ ವೋಲ್ಟೇಜ್ ಮಿತಿ ದಾಟಿದಾಗ ಎಲೆಕ್ಟ್ರಾನ್‌ಗಳು ಮುಂದೆ ಹೋಗಲಾರದೆ ನಡುದಾರಿಯಲ್ಲೇ ಸಿಕ್ಕ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತವೆ. ಅದೇ ಸೂಪರ್‌ಆಕ್ಸೈಡ್. ಸ್ವಲ್ಪ ಸೋರಿಕೆ ಎಲ್ಲರಲ್ಲೂ ಇದ್ದದ್ದೇ. ಅದನ್ನು ಒರೆಸಿಹಾಕೋಕೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ನಂಥ ಕಿಣ್ವಗಳಿವೆ. ಸೋರಿಕೆ ಅವುಗಳ ಕೈಮೀರಿದರೆ ಆಕ್ಸಿಡೇಟಿವ್ ಸ್ಟ್ರೆಸ್.

ಈ ಸೂಪರ್‌ಆಕ್ಸೈಡ್ ಡಿಎನ್ಎಗೆ ಪೆಟ್ಟು ಕೊಡುತ್ತೆ. ಅದರ ರಿಪೇರಿ ಗಲಾಟೆಯಲ್ಲಿ ಗ್ಲೂಕೋಸ್ ಒಡೆಯುವ ಮುಖ್ಯ ರಸ್ತೆಯ ಒಂದು ಕಿಣ್ವ ನಿಧಾನವಾಗಿ, ಹಿಂದೆ ಟ್ರಾಫಿಕ್ ಜಾಮ್ ಆಗಿ, ಸಕ್ಕರೆಯ ತುಣುಕುಗಳು ಅಡ್ಡರಸ್ತೆಗಳಿಗೆ ನುಗ್ಗುತ್ತವೆ. ರಕ್ತನಾಳ ಹಾಳಾಗೋದು ಅಲ್ಲಿಂದ. ಬೇರೆ ಬೇರೆ ಅಂದುಕೊಂಡಿದ್ದ ನಾಲ್ಕು ಹಾನಿಗಳಿಗೆ ಮೂಲ ಇದೊಂದೇ ಅಂತ ಅಮೆರಿಕದ ಮೈಕೆಲ್ ಬ್ರೌನ್ಲೀ 2001ರಲ್ಲಿ ವಾದಿಸಿದರು. ಈ ಮಾದರಿಗೆ ಆಮೇಲೆ ತಕರಾರುಗಳೂ ಬಂದಿವೆ, ಆದ್ರೂ ವಿಷಯ ಅರ್ಥ ಮಾಡಿಕೊಳ್ಳೋಕೆ ನನಗೆ ಇದಕ್ಕಿಂತ ಒಳ್ಳೆ ಚಿತ್ರ ಸಿಕ್ಕಿಲ್ಲ.

ಹಾಗಾದ್ರೆ ಆಂಟಿಆಕ್ಸಿಡೆಂಟ್ ನುಂಗಿದ್ರೆ ಮುಗೀತಲ್ಲ? ನುಂಗಿಸಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಹೋಪ್ ಪ್ರಯೋಗದಲ್ಲಿ ಹೃದಯಾಘಾತದ ಅಪಾಯ ಹೆಚ್ಚಿದ್ದ 9,000ಕ್ಕೂ ಹೆಚ್ಚು ಜನರಿದ್ದರು, ಡಯಾಬಿಟಿಸ್ ಇದ್ದವರೂ ಬಹಳ. ಅರ್ಧದಷ್ಟು ಜನಕ್ಕೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ವಿಟಮಿನ್ನಿನ ಒಂದು ಅಣು ಒಂದೆರಡು ರ‍್ಯಾಡಿಕಲ್‌ಗಳನ್ನು ತಡೆದು ಸುಸ್ತಾಗುತ್ತೆ, ಸೋರಿಕೆ ಮಾತ್ರ ನಿಲ್ಲಲ್ಲ. ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

2009ರ ಒಂದು ಜರ್ಮನ್ ಅಧ್ಯಯನ ಇನ್ನೂ ತಮಾಷೆಯಾಗಿದೆ. ಆರೋಗ್ಯವಂತ ಹುಡುಗರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡೋ ಲಾಭ ಸಿಕ್ಕಿದ್ದು ವಿಟಮಿನ್ ಸಿ, ಇ ತಗೊಳ್ಳದವರಿಗೆ, ತಗೊಂಡವರಿಗೆ ಸಿಗಲಿಲ್ಲ. ವ್ಯಾಯಾಮದಲ್ಲಿ ಹುಟ್ಟುವ ಅಷ್ಟಿಷ್ಟು ರ‍್ಯಾಡಿಕಲ್‌ಗಳೇ ದೇಹಕ್ಕೆ "ಹುಷಾರಾಗು" ಅನ್ನೋ ಫೀಡ್‌ಬ್ಯಾಕ್ ಸಿಗ್ನಲ್. ಮಾತ್ರೆ ಆ ಸೆನ್ಸರ್‌ನ ವೈರನ್ನೇ ಕತ್ತರಿಸಿತ್ತು.

ಕೆಲಸ ಮಾಡಿದ್ದು ನಲ್ಲಿ ತಿರುಗಿಸೋದೇ. 1983ರಿಂದ 1993ರವರೆಗೆ ಅಮೆರಿಕ, ಕೆನಡಾದಲ್ಲಿ ಟೈಪ್ 1 ಡಯಾಬಿಟಿಸ್‌ನ 1,441 ಜನರ ಮೇಲೆ ನಡೆದ ಡಿಸಿಸಿಟಿ ಪ್ರಯೋಗದಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿ, ಅಂದ್ರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, 7ರ ಆಸುಪಾಸಿತ್ತು, ಇನ್ನೊಂದರದ್ದು 9. ಬಿಗಿ ಗುಂಪಿನಲ್ಲಿ ಹೊಸದಾಗಿ ಕಣ್ಣು ಕೆಡುವ ಅಪಾಯ 76% ಕಡಿಮೆ. ಪ್ರಯೋಗ ಮುಗಿದ ಮೇಲೆ ಎರಡೂ ಗುಂಪು 8ರ ಹತ್ತಿರ ಬಂದು ನಿಂತವು, ಆದರೂ ಮೊದಲಿನ ವ್ಯತ್ಯಾಸ ವರ್ಷಗಟ್ಟಲೆ ಉಳಿಯಿತು. ರಕ್ತನಾಳ ಹಳೇ ಸಕ್ಕರೆಯನ್ನು ನೆನಪಿಟ್ಟುಕೊಳ್ಳುತ್ತೆ. ಈ ನೆನಪಿಗೂ ಆಕ್ಸಿಡೇಟಿವ್ ಹಾನಿಯೇ ಒಂದು ಕಾರಣ ಅನ್ನೋ ವಾದವಿದೆ. ಹಾಗಾಗಿ ಮೊದಲ ಕೆಲವು ವರ್ಷಗಳ ಹಿಡಿತಕ್ಕೆ ಬೆಲೆ ಜಾಸ್ತಿ.

ಬಿಗಿಗೂ ಬೆಲೆಯಿದೆ. ಅದೇ ಪ್ರಯೋಗದಲ್ಲಿ ಬಿಗಿ ಗುಂಪಿನವರಿಗೆ ಸಕ್ಕರೆ ಅಪಾಯಕ್ಕಿಳಿದು ಇನ್ನೊಬ್ಬರ ಸಹಾಯ ಬೇಕಾದ ಘಟನೆಗಳು ಸುಮಾರು ಮೂರು ಪಟ್ಟು. ಹಲವು ಕಾಯಿಲೆಯಿರುವ ವಯಸ್ಸಾದ ಅಜ್ಜಿಗೆ ಡಾಕ್ಟರು 7ರ ಬದಲು 8ರ ಗುರಿ ಕೊಟ್ಟಿದ್ದರೆ ಅದು ಉದಾಸೀನ ಅಲ್ಲ, ಈ ಲೆಕ್ಕ ಹಾಕಿಯೇ ಕೊಟ್ಟದ್ದು.