ಘಟ್ಟದ ನೀರು, ಡಾಲ್ಫಿನ್ ದೋಣಿ

ದೇವಿಮನೆ ಘಟ್ಟ ಇಳಿದರೆ ಶಿರಸಿಯವರಿಗೆ ಕುಮಟೆ, ಅರಬೈಲು ಇಳಿದರೆ ಯಲ್ಲಾಪುರದವರಿಗೆ ಅಂಕೋಲೆ, ದೊಡ್ಮನೆ ಇಳಿದರೆ ಸಿದ್ದಾಪುರದವರಿಗೂ ಕುಮಟೆಯೇ. ಹಿಂದೆ ಈ ದಾರಿಗಳಲ್ಲಿ ಸಾಣಿಕಟ್ಟೆಯ ಉಪ್ಪು ಮೇಲೇರುತ್ತಿತ್ತು, ಈಗಲೂ ಮೀನು ಮೇಲೇರುತ್ತದೆ. ರಜೆಯ ದಿನಗಳಲ್ಲಿ ಇವೇ ದಾರಿಗಳಲ್ಲಿ ಕೆಳಗಿಳಿಯುವ ಕಾರುಗಳ ಪಟ್ಟಿಯಲ್ಲಿ ದೇವಸ್ಥಾನ, ಬೀಚುಗಳ ಜೊತೆಗೆ ಡಾಲ್ಫಿನ್ ದೋಣಿಯೂ ಸೇರಿಕೊಂಡಿದೆ. ಗೋಕರ್ಣದ ಓಂ ಬೀಚಿನಲ್ಲಿ, ಕಾರವಾರದ ದೇವಬಾಗದಲ್ಲಿ ತಲೆಗಿಷ್ಟು ಎಂದು ದುಡ್ಡು ಕೊಟ್ಟು ಹತ್ತುವ ಈ ದೋಣಿಗಳನ್ನು ನಾವು ಪ್ರವಾಸೋದ್ಯಮದ ಕೂಸು ಎಂದುಕೊಂಡಿದ್ದೇವೆ. ರೆಸಾರ್ಟು ಬಂತು, ಪ್ರವಾಸಿಗರು ಬಂದರು, ದೋಣಿ ಹುಟ್ಟಿತು ಎಂಬ ಈ ಕಥೆ ಸುಳ್ಳಲ್ಲ, ಆದರೆ ಅರ್ಧ. ದೋಣಿ ಯಾಕೆ ಬಂತು ಎಂಬುದನ್ನು ಅದು ಹೇಳುತ್ತದೆ. ದೋಣಿ ಹೋದಲ್ಲಿ ಡಾಲ್ಫಿನ್ ಯಾಕಿದೆ ಎಂಬುದನ್ನು ಹೇಳುವುದಿಲ್ಲ. ಆ ಉಳಿದರ್ಧ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನದಿಗಳ ಚರಿತ್ರೆಯಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲಿಗೆ ಒಂದು ನಿರೀಕ್ಷೆಯನ್ನು ಬದಿಗಿಡಬೇಕು. ಕಡಲಜೀವಿಗಳನ್ನು ನೋಡಲು ದೋಣಿ ಏರುವ ಪದ್ಧತಿ ಬೆಳೆದದ್ದು ತಿಮಿಂಗಿಲಗಳ ಸುತ್ತ. 1955ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಮೀನುಗಾರನೊಬ್ಬ ಒಂದು ಡಾಲರ್ ಪಡೆದು ಬೂದು ತಿಮಿಂಗಿಲಗಳನ್ನು ತೋರಿಸತೊಡಗಿದ್ದು ಇದರ ಆರಂಭವೆನ್ನುತ್ತಾರೆ. 2008ರ ಹೊತ್ತಿಗೆ 119 ದೇಶಗಳಲ್ಲಿ ವರ್ಷಕ್ಕೆ ಒಂದು ಕೋಟಿ ಮೂವತ್ತು ಲಕ್ಷ ಜನ ಹೀಗೆ ಕಡಲಿಗಿಳಿಯುತ್ತಿದ್ದರು. ಶ್ರೀಲಂಕಾದ ಮಿರಿಸ್ಸಾದಲ್ಲಿ ಬೆಳಿಗ್ಗೆ ಹೊರಟವರು ಮಧ್ಯಾಹ್ನದೊಳಗೆ ನೀಲಿ ತಿಮಿಂಗಿಲ ನೋಡಿ ಮರಳುತ್ತಾರೆ. ಗೋಕರ್ಣದಲ್ಲಿ ಅದು ಯಾಕಾಗದು ಎಂದರೆ ಕಡಲತಳದ ಆಕಾರವೇ ಬೇರೆ. ಮಿರಿಸ್ಸಾದೆದುರು ಕಡಲು ದಂಡೆಯ ಹತ್ತಿರವೇ ಸಾವಿರ ಮೀಟರಿನಾಳಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯೆದುರು ಆಳವಿಲ್ಲದ ತಳ ನೂರು ಕಿಲೋಮೀಟರಿನ ಆಸುಪಾಸು ಚಾಚಿಕೊಂಡಿದೆ. ದೊಡ್ಡ ತಿಮಿಂಗಿಲಗಳು ಹೆಚ್ಚಾಗಿ ಅದರಾಚೆ ಓಡಾಡುತ್ತವೆ, ಒಮ್ಮೊಮ್ಮೆ ಸತ್ತ ಮೇಲೆ ದಡಕ್ಕೆ ಬರುತ್ತವೆ. ಅರಬ್ಬಿ ಸಮುದ್ರಕ್ಕೇ ಸೀಮಿತವಾದ ಗೂನುಬೆನ್ನಿನ ತಿಮಿಂಗಿಲಗಳ ಬಳಗವೊಂದಿದೆ. ಉಳಿದೆಡೆಯ ತಮ್ಮ ಬಂಧುಗಳಂತೆ ಧ್ರುವದ ಕಡೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವವು. 1960ರ ದಶಕದ ನಡುವೆ ಸೋವಿಯತ್ ನೌಕೆಗಳು ಕಾನೂನು ಮೀರಿ ಇವುಗಳಲ್ಲಿ 242ನ್ನು ಕೊಂದವು. 2017ರ ಕೊನೆಗೆ ಒಮಾನ್ ತೀರದಲ್ಲಿ ಉಪಗ್ರಹ ಟ್ಯಾಗ್ ಹಾಕಿಸಿಕೊಂಡ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಅರಬ್ಬಿ ಸಮುದ್ರವನ್ನೇ ದಾಟಿ ಗೋವಾದೆದುರಿಗೆ ಬಂದು, ಅಲ್ಲಿಂದ ನಮ್ಮ ಕರಾವಳಿಗುಂಟ ದಕ್ಷಿಣಕ್ಕಿಳಿಯಿತು. ಅದು ಕಾರವಾರ, ಹೊನ್ನಾವರಗಳನ್ನು ಹಾದುಹೋದದ್ದು ನಮಗ್ಯಾರಿಗೂ ಕಾಣಲಿಲ್ಲ. ಅರ್ಧ ತಾಸಿನ ದೋಣಿಗೆ ಎಟಕುವ ಪ್ರಾಣಿ ಅದಲ್ಲ.

ಎಟಕುವುದು ಇನ್ನೊಂದು: ಗೂನುಬೆನ್ನಿನ ಡಾಲ್ಫಿನ್. ಎರಡೂವರೆ ಮೀಟರ್ ಉದ್ದ, ಬೂದು ಮೈ, ಬೆನ್ನ ಮೇಲೊಂದು ಉಬ್ಬು, ಅದರ ಮೇಲೆ ಪುಟ್ಟ ರೆಕ್ಕೆ. ಸಿನಿಮಾದ ಡಾಲ್ಫಿನ್‌ನಂತೆ ಹಾರುವುದು ಕಡಿಮೆ. ನಿಧಾನವಾಗಿ ಮೇಲೆದ್ದು, ಬೆನ್ನು ಬಾಗಿಸಿ, ಮುಳುಗಿಬಿಡುತ್ತದೆ. ಹಾರದಿದ್ದುದಕ್ಕೆ ದೋಣಿಯವನ ಮೇಲೆ ಮುನಿಸಿಕೊಳ್ಳುವ ಪ್ರವಾಸಿಗರೂ ಉಂಟು. ಹಿಂದೂ ಮಹಾಸಾಗರದ ಇದನ್ನು 2014ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದರು, ಈಗ ಅದು ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಇದರ ಜೊತೆ ಬೆನ್ನರೆಕ್ಕೆಯೇ ಇಲ್ಲದ, ನಾಚಿಕೆಯ ಕಡಲಹಂದಿ ಅಪರೂಪಕ್ಕೆ ಕಾಣುತ್ತದೆ. ಉಸಿರಿಗೆಂದು ತಲೆಯೆತ್ತುವ ಆಲಿವ್ ರಿಡ್ಲೆ ಆಮೆ, ಚಳಿಗಾಲದ ಕಡಲಹಕ್ಕಿಗಳು, ಬಿಳಿಹೊಟ್ಟೆಯ ಕಡಲಹದ್ದು ಕಂಡರೆ ಆ ದಿನದ ದುಡ್ಡು ವಸೂಲು. ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ನೇತ್ರಾಣಿಗೆ ಹೋಗಿ ನೀರಿಗಿಳಿಯುವವರ ಲೋಕ ಬೇರೆ, ಅದು ಹವಳದ ಬಂಡೆಗಳ ಲೋಕ. ನಮ್ಮ ವಾದಕ್ಕೆ ಅದು ಬೇಡ.

ಇನ್ನು ದೋಣಿಯ ಹುಟ್ಟು. ಈ ಕರಾವಳಿಯ ಹರಿಕಂತ್ರ, ಖಾರ್ವಿ, ಅಂಬಿಗರಿಗೆ ಡಾಲ್ಫಿನ್ ನೋಡುವ ವಸ್ತುವಾಗಿರಲಿಲ್ಲ. ಅದು ಎದ್ದಲ್ಲಿ ಮೀನಿದೆ ಎಂಬ ಗುರುತು, ಬಲೆಗೆ ಬಾಯಿ ಹಾಕಿದರೆ ನಷ್ಟ. ಊರಿಗೆ ಊರೇ ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುತ್ತಿದ್ದ ಕಾಲಕ್ಕೆ ಬಂಗಡೆ, ತಾರ್ಲೆ ದಡಕ್ಕೇ ಬರುತ್ತಿದ್ದವು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಹಿಂಡುಗಳನ್ನು ಆಚೆಯೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಸೊರಗಿತು. ಸಣ್ಣ ಮೀನುಗಾರನಿಗೆ ಉಳಿದದ್ದು ನಾಡದೋಣಿ, ಅದಕ್ಕೊಂದು ಔಟ್‌ಬೋರ್ಡ್ ಎಂಜಿನ್, ಎಲ್ಲಿ ಏನು ಏಳುತ್ತದೆ ಎಂಬ ತಿಳಿವಳಿಕೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ದೇವಬಾಗದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟು, ಕೂರ್ಮಗಡ ದ್ವೀಪಕ್ಕೆ ದೋಣಿ, ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ವಿದೇಶಿಯರನ್ನು ಒಯ್ಯುವ ದೋಣಿ. ಹೀಗೆ ಒಯ್ಯುವಾಗ ದಾರಿಯಲ್ಲಿ ಕಾಣುತ್ತಿದ್ದದ್ದೇ ಕ್ರಮೇಣ ಹೋಗುವ ಕಾರಣವಾಯಿತು. ಇದಕ್ಕೆ ಉದ್ಘಾಟನೆಯ ದಿನಾಂಕವಿಲ್ಲ, ಸ್ಥಾಪಕರಿಲ್ಲ. ಮೀನಿನ ಆದಾಯ ಇಳಿದ ಕೈಗಳು ಹಳೆಯ ಜ್ಞಾನವನ್ನು ಹೊಸ ಗಿರಾಕಿಗೆ ಮಾರಿದ ಕಥೆ ಇದು.

ಆ ಜ್ಞಾನದ ತಿರುಳು ಒಂದೇ: ಡಾಲ್ಫಿನ್ ಅಳಿವೆಯ ಹತ್ತಿರ ಇರುತ್ತದೆ. ಗೂನುಬೆನ್ನಿನ ಡಾಲ್ಫಿನ್ ಇಪ್ಪತ್ತೈದು ಮೀಟರಿಗಿಂತ ಆಳದ ನೀರನ್ನು ಇಷ್ಟಪಡುವುದಿಲ್ಲ. ದಡಕ್ಕಂಟಿಕೊಂಡು, ನದಿಮುಖಗಳಲ್ಲಿ, ಅಲ್ಲಿ ಬೆಳೆಯುವ ಮೀನು ತಿಂದು ಬದುಕುತ್ತದೆ. ಈಗ ನಕ್ಷೆ ನೋಡೋಣ. ಗೋಕರ್ಣದ ಬೀಚುಗಳ ಉತ್ತರಕ್ಕೆ ಗಂಗಾವಳಿ ಕಡಲು ಸೇರುತ್ತದೆ, ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿ. ಧಾರವಾಡದ ಕಡೆಯಿಂದ ಬರುವ ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಶಿರಸಿಯ ಸಹಸ್ರಲಿಂಗದ ಶಾಲ್ಮಲೆಯನ್ನೂ ಸೇರಿಸಿಕೊಂಡು ಗಂಗಾವಳಿಯಾಗುತ್ತದೆ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರ್ ಬಿದ್ದು ಕೆಳಗಿಳಿಯುತ್ತದೆ. ಎರಡೂ ನದಿಗಳಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಕಾಡಿನ ತರಗೆಲೆ, ಮಣ್ಣು, ಪೋಷಕಾಂಶ ಹೊತ್ತು ಬರುತ್ತವೆ. ಬೇಸಿಗೆಯಲ್ಲಿ ಹರಿವು ತಗ್ಗಿ, ಉಬ್ಬರದ ಉಪ್ಪುನೀರು ಒಳನುಗ್ಗುತ್ತದೆ. ಸಿಹಿಯೂ ಉಪ್ಪೂ ಋತುವಿಗೆ ತಕ್ಕಂತೆ ಪಾಳಿ ಬದಲಿಸುವ ಈ ನೀರಿನಲ್ಲೇ ಸಿಗಡಿ, ಬಳಚು, ಮರಿಮೀನು, ಕಾಂಡ್ಲಾ ಕಾಡು, ಗಜನಿ ಗದ್ದೆಗಳ ಕಗ್ಗ ಭತ್ತ. ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ ಜೌಗುಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿದ್ದು ಇದಕ್ಕಾಗಿಯೇ. ಗೋಕರ್ಣದ ದೋಣಿ ಓಡಾಡುವುದು ಇಂಥ ಎರಡು ಅಳಿವೆಗಳ ನಡುವೆ.

ಈ ನದಿಗಳು ಹೀಗೆ ಉಳಿದದ್ದು ತಾನಾಗಿ ಅಲ್ಲ. ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಹೊರಟಾಗ ಅದನ್ನು ಎದುರಿಸಿದವರು ಇದೇ ಸೀಮೆಯ ಅಡಿಕೆ ಬೆಳೆಗಾರರು. ಅವರ ಸಹಕಾರಿ ಸಂಘವೇ ಮುಂದೆ ನಿಂತು 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ, ಲಾಭನಷ್ಟದ ಲೆಕ್ಕವನ್ನು ಸಾರ್ವಜನಿಕವಾಗಿ ಬಿಡಿಸಿಟ್ಟಿತು. ಘೋಷಣೆಯ ಬದಲು ಲೆಕ್ಕದ ಪುಸ್ತಕ ಹಿಡಿದು ಮಾಡಿದ ಆ ಚಳವಳಿ ದೇಶದಲ್ಲೇ ಮಾದರಿಯಾಯಿತು, ಯೋಜನೆ ನಿಂತಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಬಳಿ ಮರಗಳನ್ನು ಅಪ್ಪಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾಯಿತು. ಮುಂದೆ ಅಘನಾಶಿನಿಯ ವಿದ್ಯುತ್ ಯೋಜನೆ, ತದಡಿಯ ನಾಲ್ಕು ಸಾವಿರ ಮೆಗಾವಾಟಿನ ಉಷ್ಣ ಸ್ಥಾವರ ಕೂಡ ವಿರೋಧಕ್ಕೆ ಸಿಕ್ಕಿ ನೆಲ ಕಾಣಲಿಲ್ಲ. ಈ ಹೋರಾಟಗಳ ಭಾಷೆಯಲ್ಲಿ ತೋಟ, ಬೆಟ್ಟ, ಕಾಡು ಇದ್ದವು. ಡಾಲ್ಫಿನ್‌ನ ಹೆಸರನ್ನು ಹಿಡಿದು ಯಾರೂ ಬೀದಿಗಿಳಿಯಲಿಲ್ಲ. ಆದರೂ ಉಳಿಸಿದ ಹರಿವು ತೋಟದ ಗಡಿಗೆ ನಿಲ್ಲದೆ ಕಡಲ ತನಕ ಹೋಯಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಪಶ್ಚಿಮ ಕರಾವಳಿಯ ಮೀನಿನ ಸಮೃದ್ಧಿ ನದಿಯದ್ದಲ್ಲ, ಕಡಲದ್ದೇ ಎನ್ನುತ್ತಾರೆ ಸಾಗರ ವಿಜ್ಞಾನ ಬಲ್ಲವರು. ಮುಂಗಾರಿನ ಕಾಲಕ್ಕೆ ಕಡಲತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆದ್ದು ಬರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವುಗಳಿಂದ ತಾರ್ಲೆ, ಬಂಗಡೆ. ಬಂಗಡೆಯ ಹಿಂಡಿಗೆ ಅಘನಾಶಿನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ವಾದಿಸಬಹುದು. ಹೊರಗಡಲಿನ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ದೂರದಲ್ಲಿ ಬುಗುರಿಯಂತೆ ತಿರುಗಿ ಹಾರುವ ಸ್ಪಿನ್ನರ್ ಡಾಲ್ಫಿನ್‌ಗೆ ಶಿರಸಿಯ ಮಳೆಯ ಹಂಗಿಲ್ಲ. ಗೂನುಬೆನ್ನಿನದರ ಸಂಗತಿ ಬೇರೆ. ಅದು ಆಳಕ್ಕೆ ಹೋಗದು, ಅದರ ಆಹಾರದ ದೊಡ್ಡ ಪಾಲು ಅಳಿವೆಯಲ್ಲಿ ಮರಿಯಾಗಿ ಬೆಳೆದು ಹೊರಬೀಳುವ ಮೀನು. ಕಡಲು ಎಷ್ಟು ಸಮೃದ್ಧವಾದರೂ ಅಳಿವೆ ಕೆಟ್ಟರೆ ಇದಕ್ಕೆ ಬೇರೆ ಮನೆಯಿಲ್ಲ. ದೋಣಿಯವರು ತೋರಿಸುವುದು ಇದನ್ನೇ ಆದ್ದರಿಂದ ನಮ್ಮ ಲೆಕ್ಕಕ್ಕೆ ಬರುವುದೂ ಇದೇ.

ಎರಡನೆಯ ಆಕ್ಷೇಪ ಇನ್ನೂ ನೇರ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು ಹೊತ್ತ ಕಾಳಿಯ ಮುಖದಲ್ಲೇ ದೇವಬಾಗವಿದೆ, ಅಲ್ಲೂ ಡಾಲ್ಫಿನ್ ಕಾಣುತ್ತದೆಯಲ್ಲ? ಕಾಣುತ್ತದೆ. ಅಣೆಕಟ್ಟು ಕಟ್ಟಿದ ಮರುದಿನ ಡಾಲ್ಫಿನ್ ಮಾಯವಾಗುತ್ತದೆಂದು ಹೇಳಿದರೆ ಅದು ಅತಿಶಯೋಕ್ತಿ. ದಡಗುಂಟ ಓಡಾಡುವ ಪ್ರಾಣಿ ಅದು, ನಲವತ್ತು ವರ್ಷದ ಆಸುಪಾಸು ಬದುಕುತ್ತದೆ, ಮೂರು ವರ್ಷಕ್ಕೊಂದರಂತೆ ಮರಿ ಹಾಕುತ್ತದೆ. ಅಂಥದರ ಕುಸಿತ ಒಂದು ತಲೆಮಾರಿನ ದೋಣಿಯವರಿಗೆ ಗೊತ್ತೇ ಆಗದೆ ನಡೆಯಬಹುದು. ಅಳಿವೆ ಕೆಡುವುದನ್ನು ಬೇಗ ಹೇಳುವುದು ಚಲಿಸಲಾರದ ಜೀವಿಗಳು. ಸಿದ್ದಾಪುರದ ಅಂಚಿನಲ್ಲಿ ಜೋಗವಾಗಿ ಬೀಳುವ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ. ವಿದ್ಯುತ್ತಿಗಾಗಿ ಬೇಸಿಗೆಯಲ್ಲೂ ಒಂದೇ ಸಮನೆ ಸಿಹಿನೀರು ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನ ಅಂಶ ಇಳಿಯಿತು, ಹಿಂದೆ ಅಲ್ಲಿ ಧಾರಾಳವಾಗಿದ್ದ ತಿನ್ನುವ ಬಳಚಿನ ನೆಲೆಗಳು ಕುಸಿದುಹೋದವು. ಪಕ್ಕದ ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಸಾವಿರಾರು ಜನ ಈಗಲೂ ಬದುಕುತ್ತಾರೆ. ಒಂದೇ ಕರಾವಳಿ, ಒಂದೇ ಮಳೆ, ನೆರೆಹೊರೆಯ ಎರಡು ಅಳಿವೆ. ವ್ಯತ್ಯಾಸ ಮೇಲಿನಿಂದ ಬರುವ ನೀರಿನ ಲಯದಲ್ಲಿದೆ. ನೀರು ಕಡಿಮೆಯಾದದ್ದಕ್ಕಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದಕ್ಕೆ ಬಳಚು ಸತ್ತಿತು ಎಂಬುದನ್ನು ಗಮನಿಸಬೇಕು. ‘ನೀರು ಸುಮ್ಮನೆ ಕಡಲಿಗೆ ಹೋಗಿ ವ್ಯರ್ಥವಾಗುತ್ತದೆ’ ಎಂಬ, ಬಯಲುಸೀಮೆಯ ರಾಜಕಾರಣಕ್ಕೆ ಬಹಳ ಪ್ರಿಯವಾದ ಮಾತಿಗೆ ಹೊನ್ನಾವರದ ಅಳಿವೆಯೇ ಉತ್ತರ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ನದಿಯ ಕೊನೆಯ ಐದು ಮೈಲಿಯನ್ನು ಖರ್ಚಿನ ಪಟ್ಟಿಗೆ ಸೇರಿಸದ ಲೆಕ್ಕ ಲೆಕ್ಕವಲ್ಲ.

ಹಾಗೆಂದು ದೋಣಿಯೇ ಸಂರಕ್ಷಣೆ ಎಂದು ಸಾರುವುದೂ ಬೇಡ. ಒಂದು ಬೆನ್ನು ಕಂಡ ಕೂಡಲೇ ನಾಲ್ಕು ಎಂಜಿನ್ ಒಟ್ಟಿಗೆ ಅತ್ತ ತಿರುಗುವುದು, ಮರಿಯಿರುವ ಗುಂಪನ್ನು ಸುತ್ತುವರಿಯುವುದು, ಮೊಬೈಲಿಗೆ ಚಿತ್ರ ಸಿಗುವ ತನಕ ಬೆನ್ನುಬಿಡದಿರುವುದು ಡಾಲ್ಫಿನ್‌ಗೆ ಬೇಟೆಯಾಡುವ, ಮೊಲೆಯೂಡಿಸುವ ಸಮಯವನ್ನು ಕಸಿಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಇರುವ ಪ್ರಾಣಿಯಿದು. ಹುಲಿಯನ್ನು ಜೀಪಿನಲ್ಲಿ ಅಟ್ಟಿದರೆ ಗದ್ದಲವಾಗುತ್ತದೆ, ಡಾಲ್ಫಿನ್ ಅಟ್ಟಿದರೆ ಟಿಪ್ಸು ಸಿಗುತ್ತದೆ. ದೂರದಲ್ಲೇ ಎಂಜಿನ್ ತಗ್ಗಿಸಿ ಕಾಯುವ ದೋಣಿಯವರೂ ಇದ್ದಾರೆ. ಅಂಥವರಿಗೆ ಹೆಚ್ಚು ಗಿರಾಕಿ ಸಿಗುವಂತೆ ಮಾಡುವ ಪರವಾನಗಿ ವ್ಯವಸ್ಥೆ ಕಷ್ಟದ ಕೆಲಸವಲ್ಲ. ಹೊನ್ನಾವರದ ಅಪ್ಸರಕೊಂಡ–ಮುಗಳಿ ಈಗ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮವಾಗಿದೆ, ಶುರುಮಾಡಲು ಅದೇ ಸರಿಯಾದ ಜಾಗ.

ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಯೋಜನೆಗಳು ಮತ್ತೆ ಮೇಜಿನ ಮೇಲಿವೆ, ಶಿರಸಿ ಸೀಮೆಯಲ್ಲಿ ಸಭೆಗಳೂ ಮತ್ತೆ ನಡೆಯುತ್ತಿವೆ. 1981ರ ಲೆಕ್ಕದ ಪುಸ್ತಕಕ್ಕೆ ಈಗ ಹೊಸ ಪುಟಗಳನ್ನು ಸೇರಿಸಬಹುದು. ಒಂದೇ ಜಿಲ್ಲೆಯಲ್ಲಿ ಅಣೆಕಟ್ಟಿರುವ ಎರಡು ನದಿಮುಖ, ಇಲ್ಲದ ಎರಡು ನದಿಮುಖ ಇರುವುದು ಹೋಲಿಕೆಗೆ ಸಿಗುವ ಅಪರೂಪದ ಅವಕಾಶ. ಕಾರವಾರದಲ್ಲಿ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಾಖೆಯಿದೆ. ಅಕ್ಟೋಬರಿನಿಂದ ಮೇ ತನಕ ದೋಣಿಗಳು ಹೇಗೂ ಕಡಲಿಗಿಳಿಯುತ್ತವೆ. ಯಾವ ಹೊತ್ತಿಗೆ, ಯಾವ ಅಳಿವೆಯ ಹತ್ತಿರ, ಎಷ್ಟು ಡಾಲ್ಫಿನ್, ಮರಿ ಇತ್ತೋ ಇಲ್ಲವೋ, ಉಬ್ಬರವೋ ಇಳಿತವೋ ಎಂದು ದೋಣಿಯವರು ನಮೂದಿಸಿ ವಿಜ್ಞಾನಿಗಳು ತಾಳೆ ನೋಡಿದರೆ, ನಾಲ್ಕು ನದಿಮುಖಗಳ ಚಿತ್ರ ಕೆಲವೇ ವರ್ಷಗಳಲ್ಲಿ ಸಿಗುತ್ತದೆ. ಕಾಲುವೆಯ ಕಡತಕ್ಕೆ ಸಹಿ ಬೀಳುವ ಮುನ್ನ ಆ ಚಿತ್ರ ಕೈಗೆ ಬಂದರೆ, ಶಿರಸಿಯ ಸಭೆಗಳಲ್ಲಿ ಅಡಿಕೆ ತೋಟ ಮತ್ತು ಕಾಡಿನ ಪಕ್ಕದಲ್ಲಿ ತದಡಿಯ ಅಳಿವೆಯ ಮಾತನ್ನೂ ಅಂಕಿಅಂಶದ ಬಲದಿಂದಲೇ ಎತ್ತಬಹುದು.